ಏಪ್ರಿಲ್ ಗೆಲುವನ್ನು ನಂಬಬಹುದಾ?

ಇವತ್ತು ಅಮೆರಿಕದ ಮಿಲ್ವಾಕಿಯ ಆಫೀಸಿನಲ್ಲಿ ಊಟದ ಹೊತ್ತಿಗೆ ಬರೀ ಇಲ್ಲಿನ ಬೇಸ್‌ಬಾಲ್ ತಂಡ ಬ್ರೂವರ್ಸ್ ಮಾತು. ಶುರು ಜೋರಾಗಿದೆ, ಇದು ಉಳಿಯುತ್ತಾ? ಹಿರಿಯರೊಬ್ಬರು ಸುಮ್ನೆ ನಕ್ಕು "ಎಂಬತ್ತೇಳು" ಅಂದರು, ಅಷ್ಟೇ.

1987ರಲ್ಲಿ ಬ್ರೂವರ್ಸ್ ಮೊದಲ 13 ಪಂದ್ಯಗಳನ್ನೂ ಗೆದ್ದಿತ್ತು. ಹನ್ನೆರಡನೆಯದು ಈಸ್ಟರ್ ಭಾನುವಾರ. ಕೊನೆಯ, ಅಂದರೆ ಒಂಬತ್ತನೇ ಇನ್ನಿಂಗ್ಸ್‌ನಲ್ಲೂ ಹಿಂದೆಯೇ ಇದ್ದರು. ರಾಬ್ ಡಿಯರ್ ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದು ಸಮ ಮಾಡಿದ, ಡೇಲ್ ಸ್ವೇಮ್ ಇನ್ನೊಂದು ಹೊಡೆದು ಮುಗಿಸಿದ.

ಸತತ 12 ಗೆದ್ದರೆ ಬಿಟ್ಟಿ ಬರ್ಗರ್ ಅಂತ ಇಲ್ಲಿನ ಜಾರ್ಜ್ ವೆಬ್ ಹೋಟೆಲಿನವರ ಹಳೆಯ ಮಾತು. ಪಾಪ, ಉಳಿಸಿಕೊಳ್ಳಲೇಬೇಕಾಯಿತು. ಹಂಚಿದ್ದು 1,68,000ಕ್ಕೂ ಜಾಸ್ತಿ!

ಮೇ ತಿಂಗಳಲ್ಲಿ ಅದೇ ತಂಡ ಸತತ 12 ಸೋತಿತು. 162 ಪಂದ್ಯಗಳ ಸೀಸನ್ ಅಲ್ವಾ, ಎರಡು ವಾರದ ಆಟ ನೋಡಿ ಏನು ಹೇಳುವುದು?

ಆದರೂ ಅದನ್ನು ಠುಸ್ ಪಟಾಕಿ ಅನ್ನಲು ನನಗೆ ಮನಸ್ಸಿಲ್ಲ. ಕೊನೆಗೆ 91 ಗೆದ್ದರು. ಆಗ ಇದ್ದದ್ದು ಎರಡು ಲೀಗ್, ಒಂದೊಂದರಲ್ಲೂ ಎರಡು ಡಿವಿಷನ್ (ಗುಂಪು). ಡಿವಿಷನ್ನಿನಲ್ಲಿ ಮೊದಲು ಬಂದವರಿಗಷ್ಟೇ ಜಾಗ, ಅಂದರೆ ಪ್ರತಿ ಲೀಗಿನಿಂದ ಎರಡೇ ತಂಡ ಪ್ಲೇಆಫ್‌ಗೆ, ಹಾಗಾಗಿ ಮನೆಗೆ ಹೋದರು.

ಆ ವರ್ಷ ವರ್ಲ್ಡ್ ಸೀರೀಸ್, ಅಂದರೆ ಕೊನೆಯ ಫೈನಲ್ ಗೆದ್ದ ಮಿನ್ನೆಸೋಟಾ ಟ್ವಿನ್ಸ್ ಸೀಸನ್‌ನಲ್ಲಿ ಗೆದ್ದಿದ್ದು 85. ಅವರ ಡಿವಿಷನ್ ಬೇರೆ ಇತ್ತು, ಅಲ್ಲಿ ಅಷ್ಟಕ್ಕೇ ಮೊದಲ ಸ್ಥಾನ, ಬಚಾವ್.