ಶತಮಾನದ ತಪ್ಪಂತೆ!

27 ಅಕ್ಟೋಬರ್ 2024, ಭಾನುವಾರ

1553ರಲ್ಲಿ ಇದೇ ದಿನ ಜಿನೀವಾದ ಹೊರಗೆ, ಶಾಂಪೆಲ್ ಎಂಬಲ್ಲಿ ಮೈಕೆಲ್ ಸರ್ವೇಟಸ್‌ನನ್ನು ಜೀವಂತ ಸುಟ್ಟರು. ಸ್ಪೇನ್ ಕಡೆಯ ವೈದ್ಯ. ರಕ್ತ ಹೃದಯದಿಂದ ಶ್ವಾಸಕೋಶಕ್ಕೆ ಹೋಗಿ ಬರುತ್ತದೆ ಅಂತ ಯುರೋಪಿನಲ್ಲಿ ಮೊದಲು ಬರೆದವರಲ್ಲಿ ಒಬ್ಬ. ಸುಟ್ಟದ್ದು ಅದಕ್ಕಲ್ಲ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎನ್ನುವ ತ್ರಯೇಕತ್ವ ಒಪ್ಪಲಿಲ್ಲ, ಹಸುಗೂಸುಗಳಿಗೆ ದೀಕ್ಷಾಸ್ನಾನ ಬೇಡ ಎಂದ, ಅದಕ್ಕೆ. ಫ್ರಾನ್ಸ್‌ನಲ್ಲಿ ಕ್ಯಾಥೊಲಿಕರು ಆಗಲೇ ಹಿಡಿದು ಸೆರೆಗೆ ಹಾಕಿದ್ದರು. ಅಲ್ಲಿಂದ ತಪ್ಪಿಸಿಕೊಂಡವನು ಪ್ರಾಟೆಸ್ಟೆಂಟರ ಕೈಗೆ ಬಿದ್ದ. ಗುರುತು ಸಿಕ್ಕಿದ್ದು ಎಲ್ಲಿ ಗೊತ್ತಾ? ಜಿನೀವಾದ ಚರ್ಚಿನ ಸಭೆಯಲ್ಲಿ, ಪ್ರಸಂಗ ಕೇಳಲು ಹೋಗಿದ್ದಾಗ. ಬೆಂಕಿಯ ನಡುವೆಯೂ ಅವನು ಕೂಗಿ ಕರೆದದ್ದು ಯೇಸುವನ್ನೇ.

ನಾನು ತ್ರಯೇಕ ದೇವರನ್ನು ನಂಬುವವನು. ಸರ್ವೇಟಸ್ ಹೇಳಿದ್ದು ತಪ್ಪು ಅಂತಲೇ ನನ್ನ ಎಣಿಕೆ. ಹಾಗಾಗಿ ಇದರಲ್ಲಿ ಸುಟ್ಟವರೇ ನನ್ನ ಕಡೆಯವರು.

ಈ ಶಿಕ್ಷೆಯ ಬೆನ್ನಿಗಿದ್ದವನು ಆಗ ಜಿನೀವಾದ ಪ್ರಾಟೆಸ್ಟೆಂಟ್ ನಾಯಕನಾಗಿದ್ದ ಕ್ಯಾಲ್ವಿನ್. 1903ರಲ್ಲಿ ಅವನ ಅನುಯಾಯಿಗಳೇ ಅಲ್ಲೊಂದು ಕಲ್ಲು ನಿಲ್ಲಿಸಿದರು. ಕ್ಯಾಲ್ವಿನ್ ಮೇಲೆ ನಮಗೆ ಗೌರವವಿದೆ, ಆದರೆ ಈ ತಪ್ಪನ್ನು ಖಂಡಿಸುತ್ತೇವೆ, ಅದು ಅವನ ಶತಮಾನದ ತಪ್ಪು ಅಂತ ಅದರಲ್ಲಿ ಕೆತ್ತಿಸಿದ್ದಾರೆ. ಒಳ್ಳೇ ಮನಸ್ಸಿನಿಂದಲೇ ಬರೆಸಿದ್ದು, ಇಲ್ಲ ಅನ್ನಲ್ಲ. ಆದರೂ ಸಿಟ್ಟು ಬರುತ್ತದೆ. ಶತಮಾನ ಹೋಗಿ ಕಟ್ಟಿಗೆ ಜೋಡಿಸುತ್ತದಾ?

ಅದೇ ಶತಮಾನದಲ್ಲಿ ಸೆಬಾಸ್ಟಿಯನ್ ಕಾಸ್ಟೆಲಿಯೊ ಕೂಡ ಇದ್ದನಲ್ಲ. ಒಂದು ಕಾಲಕ್ಕೆ ಜಿನೀವಾದ ಶಾಲೆ ನಡೆಸಿದವನು. ಆಮೇಲೆ ಕ್ಯಾಲ್ವಿನ್ ಜೊತೆ ಸರಿಬೀಳದೆ ಬಾಸೆಲ್‌ಗೆ ಹೋದ. ಅಲ್ಲಿ ಸಂಸಾರ ದೊಡ್ಡದು, ಸಂಪಾದನೆ ಅಷ್ಟಕ್ಕಷ್ಟೆ. ರೈನ್ ನದಿಯಲ್ಲಿ ತೇಲಿ ಬರುವ ಕಟ್ಟಿಗೆಯನ್ನು ಕೊಕ್ಕೆ ಹಾಕಿ ದಡಕ್ಕೆಳೆದು ಒಲೆ ಉರಿಸುತ್ತಿದ್ದ. ವಿರೋಧಿಗಳು ಅದನ್ನೂ ಕಳ್ಳತನ ಎಂದರು. ಸರ್ವೇಟಸ್ ಸತ್ತ ಮೇಲೆ ಕ್ಯಾಲ್ವಿನ್‌ಗೆ ಎದುರು ನಿಂತು ಬರೆದವನು ಇವನೇ. ಮನುಷ್ಯನನ್ನು ಕೊಂದರೆ ಸಿದ್ಧಾಂತ ಉಳಿಸಿದಂತಲ್ಲ, ಮನುಷ್ಯನನ್ನು ಕೊಂದಂತೆ, ಅಷ್ಟೇ ಎಂದ. ಯೇಸು ಹೇಳಿದ ಗೋದಿ ಮತ್ತು ಹಣಜಿ ಎಂಬ ಕಳೆಯ ಸಾಮ್ಯವನ್ನು ಎತ್ತಿ ತೋರಿಸಿದ. ಸುಗ್ಗಿಯ ತನಕ ಎರಡೂ ಬೆಳೆಯಲಿ ಅಂತ ಹೊಲದ ಯಜಮಾನನೇ ಹೇಳಿರುವಾಗ ಕೀಳಲು ನೀವ್ಯಾರು?

ಇವನ ನಂಬಿಕೆ ಕ್ಯಾಲ್ವಿನ್‌ನದಕ್ಕಿಂತ ಕಡಿಮೆಯೇನಲ್ಲ. ಬೈಬಲ್ ಅನುವಾದಕ್ಕೆ ವರ್ಷಗಟ್ಟಲೆ ಕೂತವನು. ಧರ್ಮದ ವಿಷಯದಲ್ಲಿ ಜಾಸ್ತಿ ಹಚ್ಚಿಕೊಂಡರೆ ಉಗ್ರವಾದಿಯಾಗುತ್ತಾರೆ, ಅದಕ್ಕೆ ಹಿತಮಿತವಾಗಿ ನಂಬಬೇಕು ಎನ್ನುವ ಗೆಳೆಯರಿಗೆ ನಾನು ಇವನನ್ನೇ ತೋರಿಸುವುದು. ಉಗ್ರವಾದ ನಂಬಿಕೆ ಹೆಚ್ಚಾಗಿ ಬರುವುದಲ್ಲ, ನಂಬಿಕೆ ಸಾಲದೆ ಬರುವುದು. ಸತ್ಯ ತಾನಾಗಿ ನಿಲ್ಲುತ್ತದೆ ಅಂತ ನಂಬಿದವನು ಅದರ ಪಕ್ಕದಲ್ಲಿ ಪೊಲೀಸರನ್ನು ನಿಲ್ಲಿಸಬೇಕಾ? ಸಮಾರ್ಯದ ಹಳ್ಳಿಯವರು ಇಳಿದುಕೊಳ್ಳಲು ಜಾಗ ಕೊಡಲಿಲ್ಲ ಅಂತ ಯಾಕೋಬ ಯೋಹಾನರು ಆಕಾಶದಿಂದ ಬೆಂಕಿ ಬೀಳಿಸೋಣವೇ ಎಂದು ಕೇಳಿದರು. ಯೇಸು ಅವರನ್ನು ಗದರಿಸಿ ಬೇರೆ ಊರಿಗೆ ಹೊರಟುಬಿಟ್ಟ. ಬೈಸಿಕೊಂಡವರು ಶಿಷ್ಯರು, ಹಳ್ಳಿಯವರಲ್ಲ.

ನಮ್ಮ ಸಭೆಯ ವಾಟ್ಸಾಪ್ ಗುಂಪಿಗೆ ಈ ವಾರ ಒಂದು ಚಿತ್ರ ಬಂದಿತ್ತು. ಒಬ್ಬ ನಾಯಕ ಮೇಜಿನ ಮುಂದೆ ಕೂತು ಸಹಿ ಹಾಕುತ್ತಿದ್ದಾನೆ. ಹಿಂದೆ ಯೇಸು ನಿಂತು ಅವನ ಹೆಗಲ ಮೇಲೆ ಕೈ ಇಟ್ಟಿದ್ದಾನೆ. ಆ ಕೈಗೆ ಆರು ಬೆರಳು. ಕೆಳಗೆ ಸಾಲುಸಾಲು ಆಮೆನ್. ಇದು ಬೇಡವಿತ್ತು ಅಂತ ಬರೆದೆ. ಸಭೆಯ ಹಿರಿಯರೊಬ್ಬರು ಸಮಾಧಾನದಿಂದಲೇ ಉತ್ತರಿಸಿದರು: "ಕಾಲ ಹಾಗಿದೆ ತಮ್ಮಾ. ಈಗ ಗಟ್ಟಿ ನಿಲ್ಲದಿದ್ದರೆ ನಮ್ಮ ಮಕ್ಕಳಿಗೆ ಏನೂ ಉಳಿಯಲ್ಲ."

ಮತ್ತೆ ಕಾಲ! 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿದ ಗುಂಪಿನಲ್ಲೂ ಯೇಸುವಿನ ಹೆಸರಿನ ಬಾವುಟಗಳಿದ್ದವು. ಸೆನೆಟ್ ಸಭಾಂಗಣದಲ್ಲಿ ನಿಂತು ಪ್ರಾರ್ಥನೆ ಬೇರೆ ಮಾಡಿದರು. ಅವರಿಗೂ ಕಾಲ ಮೀರಿಹೋಗುತ್ತಿತ್ತು.

ಹಾಗಂತ ವಿಶ್ವಾಸಿಗಳು ರಾಜಕೀಯಕ್ಕೆ ಕೈ ಹಾಕಲೇಬಾರದು ಎಂಬ ಮಾತೂ ನನಗೆ ಸರಿಬರುವುದಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಪಾಸ್ಟರ್ ತಾನೆ? 1963ರಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ಅವರು ಕಪ್ಪು ಜನರ ಹಕ್ಕುಗಳಿಗಾಗಿ ಮೆರವಣಿಗೆ ಹೊರಟಾಗ ಅಲ್ಲಿನ ಎಂಟು ಧರ್ಮಗುರುಗಳು ಇದು ಸಮಯವಲ್ಲ ಅಂತ ಬುದ್ಧಿ ಹೇಳಿದ್ದರು. ಉಗ್ರವಾದಿ ಎಂಬ ಹೆಸರೂ ಕಿಂಗ್ ಅವರಿಗೆ ಬಂತು. ನಂಬಿಕೆ ಬೀದಿಗೆ ಬಂದಾಗ ನಾನು ನೋಡುವುದು ಒಂದನ್ನೇ: ಏಟು ತಿನ್ನುತ್ತಿರುವವರು ಯಾರು? ಕಿಂಗ್ ಜೈಲಿಗೆ ಹೋದರು, ಯಾರನ್ನೂ ಕಳಿಸಲಿಲ್ಲ.

ರಷ್ಯಾದ ಆರ್ಥೊಡಾಕ್ಸ್ ಚರ್ಚಿನ ಮುಖ್ಯಸ್ಥ, ಕುಲಪತಿ ಕಿರಿಲ್ ಅಧ್ಯಕ್ಷತೆಯ ಪರಿಷತ್ತು 2024ರ ಮಾರ್ಚ್‌ನಲ್ಲಿ ಉಕ್ರೇನ್ ಯುದ್ಧವನ್ನು ಪವಿತ್ರ ಯುದ್ಧ ಎಂದು ಕರೆಯಿತು. ಮುಂದೆ ಯಾರಾದರೂ ಇದನ್ನೂ ಶತಮಾನದ ತಲೆಗೇ ಕಟ್ಟುತ್ತಾರೆ, ನೋಡ್ತಿರಿ. ಆದರೆ 2022ರ ಮಾರ್ಚ್‌ನಲ್ಲೇ ಆ ಚರ್ಚಿನ ಸುಮಾರು 300 ಪಾದ್ರಿಗಳು ಯುದ್ಧ ನಿಲ್ಲಿಸಿ ಅಂತ ಸಹಿ ಹಾಕಿದ್ದರು. ಮಾಸ್ಕೋದ ಒಬ್ಬ ಪಾದ್ರಿ, ಕುಲಪತಿ ಬರೆದುಕೊಟ್ಟ ಪ್ರಾರ್ಥನೆಯಲ್ಲಿ ವಿಜಯ ಕೇಳಬೇಕಾದ ಕಡೆ ಶಾಂತಿ ಕೇಳಿದರು. 2023ರಲ್ಲಿ ಅವರ ಪಾದ್ರಿತನವನ್ನೇ ಕಿತ್ತುಕೊಂಡರು.

ಇವರ ಸುದ್ದಿಯನ್ನು ನಾಳೆ ಹಿರಿಯರಿಗೆ ಕಳಿಸುತ್ತೇನೆ. ಗುಂಪಿಗಲ್ಲ, ಸುಮ್ನೆ ಜಗಳ ಯಾಕೆ. ಓದುತ್ತಾರೆ, ಅದು ಗೊತ್ತು. ಆ ಪಾದ್ರಿ ನಮ್ಮ ಪಂಗಡದವರಲ್ಲ ಅಲ್ವಾ ಅಂತ ಕೇಳಿದರೂ ಕೇಳಿಯಾರು.