ಬಸ್ಸಲ್ಲಿ ಬಂದೆ!

ಪುಣೆಯಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. "ಅಲ್ಲಾ, ಸಾಗರದ ಕಡೆ ಕನ್ನಡ ಮೀಡಿಯಂ ಓದಿದೋರು, ಜಲವಿದ್ಯುತ್ತಿಗೆ ಹೇಗೆ ಬಂದ್ರಿ?"

ಬಸ್ಸಲ್ಲಿ ಬಂದೆ. ಎಸ್ಸೆಸ್ಸೆಲ್ಸಿ, ಎಲೆಕ್ಟ್ರಿಕಲ್ ಡಿಪ್ಲೊಮಾ, ಅರ್ಜಿ, ಇಂಟರ್‌ವ್ಯೂ, ಪುಣೆಯ ಪಶ್ಚಿಮಕ್ಕೆ ಘಟ್ಟದ ಕೆಳಗಿನ ಭೀರಾ ಪವರ್ ಹೌಸು. ಮುಗೀತು.

ಆ "ಕನ್ನಡ ಮೀಡಿಯಂ" ಅನ್ನೋದನ್ನು ಯಾಕೆ ಸೇರಿಸುತ್ತಾರೋ! ಟರ್ಬೈನೇನು ಇಂಗ್ಲಿಷಿನಲ್ಲಿ ತಿರುಗುತ್ತದಾ? ಜೋಗದಲ್ಲಿ 1948ರಿಂದ ಕರೆಂಟು ತೆಗೆಯುತ್ತಿದ್ದಾರೆ, ಕೆಳಗಿನ ಶರಾವತಿಯದ್ದೊಂದೇ 1035 ಮೆಗಾವ್ಯಾಟ್. ನಮಗೆ ಪವರ್ ಹೌಸ್ ಅಂದರೆ ಪಕ್ಕದ ಮನೆ ಇದ್ದ ಹಾಗೆ. ಮಳೆಗಾಲದಲ್ಲಿ ನಮ್ಮನೆಯಲ್ಲಿ ಮಾತ್ರ ಬುಡ್ಡಿ ದೀಪ, ಅದು ಬೇರೆ ವಿಷಯ.

ಮೊನ್ನೆ ಪುಣೆಯ ಕೋಥ್ರೂಡ್‌ನಲ್ಲಿ ಒಂದು ಗೃಹಪ್ರವೇಶ. ತಾಮ್ಹಿಣಿ ಘಾಟ್ ಹತ್ತಿ, ರಾತ್ರಿ ಪಾಳಿ ಮುಗಿಸಿದ ಕಣ್ಣಲ್ಲೇ ಹೋಗಿದ್ದೆ. ಪಂಕ್ತಿಯಲ್ಲಿ ಪಕ್ಕಕ್ಕೆ ಅಫಜಲಪುರದ ಕಾಕಾ ಒಬ್ಬರು. ಮಾಮೂಲಿ ಪ್ರಶ್ನೆ ಕೇಳಿ, ಉತ್ತರಕ್ಕೂ ಕಾಯದೆ, "ತಮ್ಮಾ, ನೀರು ತಾನ ಬೀಳ್ತದ, ಚಕ್ರ ತಾನ ತಿರಗತದ. ನಿಂದೇನು ಕೆಲಸ ಅಲ್ಲಿ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಸಿಟ್ಟು ಬಂತು, ಬಾಯಲ್ಲಿ ಹೋಳಿಗೆ ಇದ್ದರೂ ಭಾಷಣ ಶುರು ಮಾಡಿಬಿಟ್ಟೆ: ಸಂಜೆ ಏಳಕ್ಕೆ ಮುಂಬೈಯವರೆಲ್ಲ ಒಟ್ಟಿಗೆ ದೀಪ ಹಾಕ್ತಾರೆ, ಕರೆಂಟಿನ ಫ್ರೀಕ್ವೆನ್ಸಿ 50 ಹರ್ಟ್ಜ್‌ನಿಂದ ಕೆಳಗೆ ಜಾರುತ್ತೆ, ತಕ್ಷಣ ಹೆಚ್ಚು ಕರೆಂಟು ಕೊಡಬೇಕು, ಆರಿದ ಕಲ್ಲಿದ್ದಲ ಬಾಯ್ಲರ್ ಕಾಯೋಕೆ ಗಂಟೆಗಟ್ಟಲೆ ಬೇಕು, ನಮ್ಮ ಪೆಲ್ಟನ್ ಚಕ್ರಕ್ಕೆ ನೀರು ಬಿಟ್ಟರೆ ಕೆಲವೇ ನಿಮಿಷ, ಕಾಕಾ, ನಿಮಿಷ!

ಕಾಕಾ ಸಮಾಧಾನವಾಗಿ ಕೇಳಿಸಿಕೊಂಡರು. "ಹಂಗಾರ ಪಗಾರ ಎಷ್ಟು?"

ಆ ಮನುಷ್ಯ ನಿಜವಾಗಿ ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ. ಅವರೂರು ಭೀಮಾ ನದಿ ಸೀಮೆ. ನಮ್ಮ ಚಕ್ರ ತಿರುಗಿಸೋ ನೀರು ಅಣೆಕಟ್ಟು ಕಟ್ಟಿ ಮಾಡಿದ ಮುಳಶಿ ಕೆರೆಯದ್ದು. ಅದನ್ನು ಅದರ ಪಾಡಿಗೆ ಬಿಟ್ಟಿದ್ದರೆ ಮುಳಾ ಹೊಳೆಯಾಗಿ ಇದೇ ಪುಣೆಗೆ ಬಂದು, ಮುಠಾ ಸೇರಿ, ಭೀಮೆಗೆ ಬಿದ್ದು, ಪಂಢರಪುರ ದಾಟಿ ಕಾಕಾನ ಹೊಲದ ಕಡೆ ಹೋಗುತ್ತಿತ್ತು. ನಾವು ಅದನ್ನು ಪಶ್ಚಿಮಕ್ಕೆ ತಿರುಗಿಸಿ, ಸುಮಾರು 500 ಮೀಟರ್ ಕೆಳಗೆ ಬೀಳಿಸಿ, ಕರೆಂಟು ತೆಗೆದು, ಕುಂಡಲಿಕಾ ಹೊಳೆಗೆ ಬಿಡುತ್ತೇವೆ. ಅಲ್ಲಿಂದ ಸೀದಾ ಅರಬ್ಬೀ ಸಮುದ್ರ. 1927ರಿಂದ ಹೀಗೇ ನಡೆದಿದೆ. ಕಾಕಾ ಪಗಾರ ಕೇಳಿದರು, ನೀರು ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ, ಊಟದ ಹೊತ್ತು ನೋಡಿ.

ಸರಿಯಾದ ಪ್ರಶ್ನೆ ಕೇಳಿದ್ದು ನಮ್ಮಜ್ಜಿ ಒಬ್ಬಳೇ. ಅವಳ ತವರು ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. ಕೆಲಸ ಸಿಕ್ಕಿತು ಅಂತ ಕಾಲಿಗೆ ಬಿದ್ದಾಗ, ಹೇಗೆ ಸಿಕ್ತು ಅಂತಲೂ ಕೇಳಲಿಲ್ಲ, ಪಗಾರವನ್ನೂ ಕೇಳಲಿಲ್ಲ. "ಅಲ್ಲಿ ಯಾರ ಊರು ಮುಳುಗಿತ್ತು, ಮಗಾ?" ಅಂದಳು.

ಮುಳಶಿ ರೈತರು 1921ರಲ್ಲೇ ಅಣೆಕಟ್ಟು ಬೇಡ ಅಂತ ಸತ್ಯಾಗ್ರಹಕ್ಕೆ ಕೂತಿದ್ದು, ಅವರ ಮುಂದಾಳು ಸೇನಾಪತಿ ಬಾಪಟ್ ಜೈಲಿಗೆ ಹೋಗಿದ್ದು, ಇದ್ಯಾವುದೂ ಆಗ ನನಗೆ ಗೊತ್ತಿರಲಿಲ್ಲ. "ಯಾರದ್ದೂ ಇಲ್ಲ ಅಜ್ಜಿ, ಅದು ಹಳೇ ಕೆರೆ" ಅಂದೆ. ಅವಳು ನಂಬಿದಳೋ ಇಲ್ಲವೋ, ಕೈಗೆ ಐವತ್ತು ರೂಪಾಯಿ ಕೊಟ್ಟು ಒಳಗೆ ಹೋದಳು.