ಎರಡು ತುಂಡು ತಂತಿಯ ಆಂಟೆನಾ: ಅಳತೆ, ಚೋಕ್, ಮಳೆನೀರು

ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಸಿಕ್ಕ ಹೊಸತರಲ್ಲಿ ಇರುವ ಹಣವೆಲ್ಲ ರೇಡಿಯೊ ಸೆಟ್ಟಿಗೇ ಹೋಗಿಬಿಡುತ್ತದೆ. ಆಂಟೆನಾಗೆ ಏನೂ ಉಳಿಯಲಿಲ್ಲ ಅಂತ ಚಿಂತೆ ಮಾಡಬೇಕಿಲ್ಲ. ಮನೆ ವೈರಿಂಗ್‌ಗೆ ಬಳಸುವ ತಾಮ್ರದ ತಂತಿಯಲ್ಲಿ ಕಟ್ಟಿದ ಅರ್ಧತರಂಗ ಡೈಪೋಲ್ (ಒಟ್ಟು ಉದ್ದ ತರಂಗಾಂತರದ ಅರ್ಧದಷ್ಟಿರುವ, ನಡುವೆ ಕೇಬಲ್ ಸೇರುವ ಎರಡು ತುಂಡು ತಂತಿ), ಅದೇ ಎತ್ತರದಲ್ಲಿ ಕಟ್ಟಿದ ದುಬಾರಿ ತಂತಿ ಆಂಟೆನಾಗಿಂತ ಯಾವುದರಲ್ಲೂ ಕಡಿಮೆಯಲ್ಲ. ಅಗ್ಗದ ಆಂಟೆನಾ ಕೈಕೊಟ್ಟರೆ ಬಹುತೇಕ ತಪ್ಪು ತಂತಿಯದ್ದಾಗಿರುವುದಿಲ್ಲ. ಜೋಡಣೆಯಲ್ಲೋ, ಆಂಟೆನಾದಿಂದ ರೇಡಿಯೊಗೆ ಬರುವ ಕೋಆಕ್ಸ್ ಕೇಬಲ್ಲಿನಲ್ಲೋ (ನಡುತಂತಿ, ಅದರ ಸುತ್ತ ಹೆಣೆದ ಜಾಲರಿ ಇರುವ ಕೇಬಲ್), ಮೀಟರು ತೋರಿಸಿದ್ದನ್ನು ನಂಬಿದ್ದರಲ್ಲೋ ಇರುತ್ತದೆ.

40 ಮೀಟರ್ ಬ್ಯಾಂಡಿಗೆ, ಅಂದರೆ 7 ಮೆಗಾಹರ್ಟ್ಸ್ ಆಸುಪಾಸಿಗೆ, ಒಂದು ಡೈಪೋಲ್ ಕಟ್ಟೋಣ. 143 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1ಕ್ಕೆ ಸುಮಾರು 20.1 ಮೀಟರ್. ಇದು ಬರಿ ತಂತಿಯ ಲೆಕ್ಕ. ಪಿವಿಸಿ ಹೊದಿಕೆಯ ತಂತಿಯಲ್ಲಿ ಅಲೆ ಸ್ವಲ್ಪ ನಿಧಾನವಾಗುವುದರಿಂದ ಶೇಕಡಾ 2ರಿಂದ 4ರಷ್ಟು ಕಡಿಮೆ ಉದ್ದ ಸಾಕಾಗುತ್ತದೆ. ಹಾಗೆಂದು ಲೆಕ್ಕದ ಉದ್ದಕ್ಕೇ ಕತ್ತರಿ ಹಾಕಬೇಡಿ. 1.5 ಚದರ ಮಿಲಿಮೀಟರ್ ತಂತಿಯನ್ನು 10.5 ಮೀಟರಿನಂತೆ ಎರಡು ತುಂಡು ಮಾಡಿ. ನಡುವಿನ ಪಟ್ಟಿಗೆ 15 ಸೆಂಟಿಮೀಟರ್, ತುದಿಯ ಇನ್ಸುಲೇಟರಿಗೆ 15 ಸೆಂಟಿಮೀಟರ್ ಹೋದರೂ ಪ್ರತಿ ಬದಿಗೆ 10.2 ಮೀಟರ್ ಉಳಿಯುತ್ತದೆ. ಹೊಂದಿಸಲು ಇಷ್ಟು ಹೆಚ್ಚುವರಿ ಬೇಕು.

ನಡುವಿನ ಪಟ್ಟಿಗೆ 4–5 ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಅಥವಾ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಹಲಗೆಯ ತುಂಡು ಒಳ್ಳೆಯದು, 10×5 ಸೆಂಟಿಮೀಟರ್ ಧಾರಾಳ. ಪ್ರತಿ ಬದಿಗೆ ಎರಡು ತೂತು ಕೊರೆದು, ತಂತಿಯನ್ನು ಒಂದರಲ್ಲಿ ಇಳಿಸಿ ಇನ್ನೊಂದರಲ್ಲಿ ಮೇಲೆತ್ತಿ, ಆಮೇಲೆ ಬೆಸೆಯಿರಿ. ಗಾಳಿಗೆ ತಂತಿ ಎಳೆದಾಡಿದಾಗ ಬಿಗಿತವೆಲ್ಲ ತೂತಿನ ಮೇಲೆ ಬೀಳಬೇಕು, ಬೆಸುಗೆಯ ಮೇಲಲ್ಲ. ಕೋಆಕ್ಸನ್ನೂ ಎರಡು ಕೇಬಲ್ ಟೈ ಹಾಕಿ ಪಟ್ಟಿಗೆ ಬಿಗಿಯಿರಿ. ನಡುತಂತಿ ಒಂದು ಬದಿಗೆ, ಹೆಣೆದ ಜಾಲರಿ ಇನ್ನೊಂದು ಬದಿಗೆ.

ಎರಡು ಎತ್ತರದ ಕಂಬ ಇಲ್ಲದವರಿಗೆ ತಲೆಕೆಳಗಾದ ವಿ ಆಕಾರವೇ ಸರಿ. ನಡುಭಾಗ 8 ಮೀಟರ್ ಎತ್ತರದಲ್ಲಿ, ತಂತಿಗಳ ನಡುವಿನ ಕೋನ 120 ಡಿಗ್ರಿ ಇದ್ದರೆ ತುದಿಗಳು ನೆಲದಿಂದ ಸುಮಾರು 3 ಮೀಟರ್ ಮೇಲಿರುತ್ತವೆ, ಅಡ್ಡಕ್ಕೆ 17 ಮೀಟರ್ ಜಾಗ ಸಾಕು. ನೇರ ಡೈಪೋಲ್ ಕೇಬಲ್ಲಿಗೆ ಒಡ್ಡುವ 73 ಓಮ್ ಪ್ರತಿರೋಧ ಬಾಗಿಸಿದಾಗ ಇಳಿದು 50ರ ಹತ್ತಿರ ಬರುತ್ತದೆ, ರೇಡಿಯೊ, ಕೇಬಲ್ ಎರಡೂ 50 ಓಮಿನವಾದ್ದರಿಂದ ಅದೂ ನಮಗೆ ಅನುಕೂಲವೇ. ತುದಿ ಕೈಗೆ ಎಟುಕಬಾರದು. 100 ವಾಟ್‌ನಲ್ಲಿ ಅಲ್ಲಿ ನೂರಾರು ವೋಲ್ಟ್ ಇರುತ್ತದೆ, ಮುಟ್ಟಿದವರ ಚರ್ಮ ಸುಡುತ್ತದೆ. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ: ಹಗ್ಗ ಹರಿದರೂ, ಕಂಬ ವಾಲಿದರೂ ಆಂಟೆನಾ ವಿದ್ಯುತ್ ಲೈನಿನ ಮೇಲೆ ಬೀಳುವಂತಿದ್ದರೆ ಆ ಜಾಗವನ್ನು ಬಿಟ್ಟುಬಿಡಿ. ಗುಡುಗು ಕೇಳುವ ಮೊದಲೇ ಕೇಬಲ್ ಕಳಚಿ ಮನೆಯ ಹೊರಗಿಡಿ.

ಹೊಂದಿಸುವ ಕೆಲಸ ಆಂಟೆನಾ ತನ್ನ ಜಾಗದಲ್ಲಿ ನಿಂತ ಮೇಲೆ ಮಾತ್ರ. ಅಂಗಳದಲ್ಲಿ ಎದೆಮಟ್ಟದಲ್ಲಿ ಕಟ್ಟಿ ಅಳೆದರೆ ಮೇಲೇರಿಸಿದಾಗ ಬೇರೆಯೇ ಅಂಕಿ ಬರುತ್ತದೆ, ಏಕೆಂದರೆ ನೆಲ ಹತ್ತಿರವಿದ್ದಷ್ಟೂ ಅನುರಣನ (ಆಂಟೆನಾದ ಉದ್ದಕ್ಕೆ ಸರಿಹೊಂದುವ ಆವರ್ತನ) ಕೆಳಕ್ಕೆ ಜಾರುತ್ತದೆ. ನ್ಯಾನೋವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಇದ್ದರೆ ಮೊದಲು ಅದರ ಓಪನ್, ಶಾರ್ಟ್, ಲೋಡ್ ತುಂಡುಗಳು ಮೂರರಿಂದಲೂ ಕ್ಯಾಲಿಬ್ರೇಟ್ ಮಾಡಿ, ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಅಲೆ ಹಿಂತಿರುಗುತ್ತಿದೆ ಎಂದು ಹೇಳುವ ಅಂಕಿ, 1 ಇದ್ದರೆ ಏನೂ ಹಿಂತಿರುಗುತ್ತಿಲ್ಲ) ಎಲ್ಲಿ ತಳಮುಟ್ಟುತ್ತದೆ ನೋಡಿ. 20.4 ಮೀಟರ್ ಉದ್ದಕ್ಕೆ ಅದು 6.85ರಲ್ಲಿ ಬಿತ್ತು ಅಂದುಕೊಳ್ಳಿ. 20.4 ಗುಣಿಸು 6.85, ಭಾಗಿಸು 7.1, ಬಂದದ್ದು 19.68. ಒಟ್ಟು 72 ಸೆಂಟಿಮೀಟರ್ ಹೆಚ್ಚಿದೆ, ಬದಿಗೆ 36. ಒಮ್ಮೆಗೇ ಕತ್ತರಿಸದೆ ತುದಿಯನ್ನು ಹಿಂದಕ್ಕೆ ಮಡಿಸಿ ಅದೇ ತಂತಿಗೆ ಒತ್ತಾಗಿ ಸುತ್ತಿ. ಸುತ್ತಿದ ಭಾಗ ಉದ್ದಕ್ಕೆ ಸೇರುವುದಿಲ್ಲ, ಬೇಕಾದಾಗ ಬಿಚ್ಚಿಕೊಳ್ಳಬಹುದು. ತಾಮ್ರ ತನ್ನ ಭಾರಕ್ಕೇ ಹಿಗ್ಗುವುದರಿಂದ ಕೆಲವು ವಾರಗಳ ನಂತರ ಇನ್ನೊಮ್ಮೆ ಅಳೆಯಬೇಕಾಗುತ್ತದೆ, ಆಗ ಈ ಮಡಿಕೆ ಉಪಯೋಗಕ್ಕೆ ಬರುತ್ತದೆ. ಬರಿ ಎಸ್‌ಡಬ್ಲ್ಯುಆರ್ ಮೀಟರ್ ಇರುವವರು 5 ವಾಟ್‌ನಲ್ಲಿ 7.0, 7.1, 7.2 ಮೂರರಲ್ಲೂ ನೋಡಲಿ: 7.0ರಲ್ಲಿ ಅತಿ ಕಡಿಮೆಯಿದ್ದು ಮೇಲಕ್ಕೆ ಹೋದಂತೆ ಏರಿದರೆ ತಂತಿ ಉದ್ದ, ತಿರುಗುಮುರುಗಾದರೆ ಗಿಡ್ಡ. ತಳ ಹುಡುಕುತ್ತ ಬ್ಯಾಂಡಿನ ಹೊರಗೆ ಪ್ರಸಾರ ಮಾಡಬಾರದು.

ಈಗ ಚೋಕ್, ಅಂದರೆ ಕೇಬಲ್ಲಿನ ಹೊರಮೈ ಹಿಡಿದು ಹರಿಯುವ ಪ್ರವಾಹವನ್ನು ತಡೆಯುವ ಸುರುಳಿ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ, ಆಮೇಲೆ ತೊಂದರೆ ಪಡುವುದೂ ಇದರಿಂದಲೇ. ಡೈಪೋಲ್ ಎರಡೂ ಬದಿಗೆ ಸಮಾನ, ಕೋಆಕ್ಸ್ ಹಾಗಲ್ಲ. ಜೋಡಣೆಯ ಜಾಗಕ್ಕೆ ಬಂದ ಪ್ರವಾಹದಲ್ಲಿ ಒಂದಷ್ಟು ಜಾಲರಿಯ ಹೊರಮೈ ಹಿಡಿದು ಕೆಳಗಿಳಿಯುತ್ತದೆ, ಕೇಬಲ್ಲೂ ಆಂಟೆನಾದ ಭಾಗವಾಗುತ್ತದೆ. ಮೈಕ್ ಮುಟ್ಟಿದರೆ ಚುರುಕ್ಕೆನ್ನುವುದು, ಪ್ರಸಾರ ಮಾಡುವಾಗ ಕಂಪ್ಯೂಟರ್ ಸ್ಪೀಕರ್ ಗೊರಗುಟ್ಟುವುದು ಇದರ ಗುರುತು. ಇದೇ ದಾರಿ ಹಿಡಿದು ಮನೆಯ ಎಲ್‌ಇಡಿ ದೀಪ, ಚಾರ್ಜರುಗಳ ಗದ್ದಲವೂ ರಿಸೀವರಿಗೆ ಬರುತ್ತದೆ. ಪರೀಕ್ಷೆ ಸುಲಭ: ನಡುವೆ ಎರಡು ಮೀಟರ್ ಕೇಬಲ್ ಹೆಚ್ಚಿಗೆ ಸೇರಿಸಿ ನೋಡಿ. ಎಸ್‌ಡಬ್ಲ್ಯುಆರ್ ತಳದ ಜಾಗವೇ ಬದಲಾದರೆ ಹೊರಮೈಯಲ್ಲಿ ಪ್ರವಾಹ ಹರಿಯುತ್ತಿದೆ ಎಂದೇ ಅನುಮಾನಿಸಿ. 31ನೇ ಮಿಶ್ರಣದ, 240 ಗಾತ್ರದ (ಹೊರವ್ಯಾಸ 2.4 ಇಂಚು) ಒಂದು ಫೆರೈಟ್ (ಕಬ್ಬಿಣದ ಆಕ್ಸೈಡಿನಿಂದ ಮಾಡಿದ ಕಾಂತೀಯ ವಸ್ತು) ಉಂಗುರಕ್ಕೆ ತೆಳು ಕೋಆಕ್ಸನ್ನು 10–12 ಸುತ್ತು ಸುತ್ತಿ, ಜೋಡಣೆಯ ಕೆಳಗೇ ಕಟ್ಟಿದರೆ ಕೆಲಸ ಮುಗಿಯಿತು. ಇಡೀ ಆಂಟೆನಾದಲ್ಲಿ ಹಣ ಕೊಟ್ಟು ತರಲೇಬೇಕಾದ ವಿಶೇಷ ವಸ್ತು ಈ ಉಂಗುರ ಒಂದೇ, ಇಲ್ಲಿ ಜಿಪುಣತನ ಬೇಡ.

ಮಳೆಯ ಕಾಟ ನಿಧಾನವಾಗಿ ಶುರುವಾಗುತ್ತದೆ. ತೆರೆದ ಜಾಲರಿ ದೀಪದ ಬತ್ತಿ ಎಣ್ಣೆ ಹೀರುವಂತೆ ನೀರನ್ನು ಮೀಟರುಗಟ್ಟಲೆ ಒಳಗೆಳೆದುಕೊಳ್ಳುತ್ತದೆ. ಹೊರಗಿನಿಂದ ಕೇಬಲ್ ಹೊಸದರಂತೆಯೇ ಕಾಣುತ್ತದೆ, ಸಿಪ್ಪೆ ಸುಲಿದರೆ ಒಳಗಿನ ತಾಮ್ರ ಕಪ್ಪಗಾಗಿರುತ್ತದೆ. ಬೆಸೆದ ಮೇಲೆ, ಎಳೆದು ಸುತ್ತಿದರೆ ತನ್ನಷ್ಟಕ್ಕೇ ಒಂದಾಗುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಅದರ ಮೇಲೆ ಮಾಮೂಲಿ ಪಿವಿಸಿ ಟೇಪ್ ಹಾಕಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಬಳಸಬೇಡಿ, ಅದರ ಆಮ್ಲ ತಾಮ್ರವನ್ನೇ ತಿನ್ನುತ್ತದೆ. ಕೇಬಲ್ ಮನೆಯೊಳಕ್ಕೆ ಹೋಗುವ ಮುನ್ನ ಒಂದು ಬಾಗು ಕೆಳಗಿಳಿದಿರಲಿ, ಹನಿ ಅಲ್ಲೇ ತೊಟ್ಟಿಕ್ಕುತ್ತದೆ.

8 ಮೀಟರ್ ಎತ್ತರ 40 ಮೀಟರ್ ಬ್ಯಾಂಡಿಗೆ ತರಂಗಾಂತರದ ಐದನೇ ಒಂದು ಭಾಗವೂ ಅಲ್ಲ. ಶಕ್ತಿ ಹೆಚ್ಚಾಗಿ ನೆತ್ತಿಯ ಕಡೆಗೆ ಹೋಗಿ ಅಯಾನುಗೋಳದಿಂದ (ವಾತಾವರಣದ ಮೇಲ್ಭಾಗದ, ವಿದ್ಯುದಾವೇಶ ಹೊತ್ತ ಪದರ) ಹಿಂತಿರುಗುತ್ತದೆ. ಹಗಲು ಕೆಲವು ನೂರು ಕಿಲೋಮೀಟರಿನೊಳಗಿನ ನಿಲ್ದಾಣಗಳ ಜತೆ ಮಾತಾಡಲು ಇದೇ ಬೇಕು, ತಂತಿ ಯಾವ ದಿಕ್ಕಿಗಿದೆ ಎಂಬುದೂ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಕತ್ತಲಾದ ಮೇಲೆ ಹತ್ತಿರದವರು ಮಾಯವಾಗಿ ದೂರದವರು ಕೇಳಿಸತೊಡಗಿದರೆ ಆಂಟೆನಾ ಕೆಟ್ಟಿತೆಂದು ಬಿಚ್ಚಬೇಡಿ, ನೇರ ಮೇಲೆ ಹೋದದ್ದನ್ನು ಹಿಂತಿರುಗಿಸುವಷ್ಟು ಅಯಾನುಗಳು ಆಗ ಇರುವುದಿಲ್ಲ. ಇದೇ ತಂತಿ 21 ಮೆಗಾಹರ್ಟ್ಸ್‌ನಲ್ಲೂ ಮೂರು ಅರ್ಧತರಂಗವಾಗಿ ಕೆಲಸ ಮಾಡುತ್ತದೆ. ಆದರೆ ಅನುರಣನ ಸರಿಯಾಗಿ ಮೂರುಪಟ್ಟಿಗೆ ಬೀಳದೆ ತುಸು ಮೇಲೆ ಹೋಗುತ್ತದೆ, ರೇಡಿಯೊಗೂ ಕೇಬಲ್ಲಿಗೂ ನಡುವೆ ಹೊಂದಿಕೆ ತರುವ ಟ್ಯೂನರ್ ಇದ್ದರೆ ಒಳ್ಳೆಯದು.

2 ಮೀಟರ್ ಬ್ಯಾಂಡಿಗೆ ಇನ್ನೂ ಸುಲಭ. ಕೋಆಕ್ಸ್ ಸಿಕ್ಕಿಸುವ, ನಾಲ್ಕು ಸ್ಕ್ರೂ ತೂತಿನ ಎಸ್‌ಓ-239 ಸಾಕೆಟ್ ಒಂದು, 2 ಮಿಲಿಮೀಟರ್ ದಪ್ಪದ ತಾಮ್ರ ಅಥವಾ ಹಿತ್ತಾಳೆ ಕಡ್ಡಿ ಐದು. ನಡುಪಿನ್ನಿಗೆ ಬೆಸೆದ ನೆಟ್ಟ ಕಡ್ಡಿ 145 ಮೆಗಾಹರ್ಟ್ಸ್‌ಗೆ ಸುಮಾರು 49 ಸೆಂಟಿಮೀಟರ್; 52ಕ್ಕೆ ಕತ್ತರಿಸಿ ಸ್ವಲ್ಪಸ್ವಲ್ಪವೇ ಇಳಿಸಿ, ಒಂದು ಸೆಂಟಿಮೀಟರಿಗೆ ಸುಮಾರು 3 ಮೆಗಾಹರ್ಟ್ಸ್ ಸರಿಯುತ್ತದೆ. ಉಳಿದ ನಾಲ್ಕು, 51–52 ಸೆಂಟಿಮೀಟರಿನವು, ಮೂಲೆಯ ತೂತುಗಳಿಗೆ ಸ್ಕ್ರೂ ಹಾಕಿ ಬಿಗಿಯಿರಿ. ಅವು ಅಡ್ಡಕ್ಕೆ ನೇರವಾಗಿದ್ದರೆ ಸುಮಾರು 36 ಓಮ್, 45 ಡಿಗ್ರಿ ಕೆಳಕ್ಕೆ ಬಗ್ಗಿಸಿದರೆ 50ರ ಹತ್ತಿರ. ತುದಿಗಳನ್ನು ಸಣ್ಣ ಉಂಗುರದಂತೆ ಬಗ್ಗಿಸಿ, ಕಣ್ಣಿಗೆ ಚುಚ್ಚುವುದು ತಪ್ಪುತ್ತದೆ.

ಇಲ್ಲಿ ಕೇಬಲ್ ಮೋಸ ಮಾಡುತ್ತದೆ. 20 ಮೀಟರ್ ಆರ್‌ಜಿ-58 (ತೆಳು ಕೋಆಕ್ಸ್) ಕೇಬಲ್ 7 ಮೆಗಾಹರ್ಟ್ಸ್‌ನಲ್ಲಿ ನುಂಗುವುದು 1 ಡೆಸಿಬೆಲ್‌ಗಿಂತ ಕಡಿಮೆ, 145ರಲ್ಲಿ ಸುಮಾರು 4. ಅಂದರೆ 10 ವಾಟ್ ಕೊಟ್ಟರೆ ಆಂಟೆನಾಗೆ ತಲುಪುವುದು 4 ವಾಟ್. ಹಿಂತಿರುಗುವ ಅಲೆಯನ್ನೂ ಕೇಬಲ್ ಅಷ್ಟೇ ನುಂಗುವುದರಿಂದ, ಆಂಟೆನಾವನ್ನು ಪೂರ್ತಿ ಕಳಚಿಟ್ಟರೂ ಕೆಳಗಿನ ಮೀಟರ್ ಎಸ್‌ಡಬ್ಲ್ಯುಆರ್ ಸುಮಾರು 2.3 ಎಂದಷ್ಟೇ ತೋರಿಸುತ್ತದೆ. ಹಾಗಾಗಿ ಈ ಬ್ಯಾಂಡಿನಲ್ಲಿ ಎಸ್‌ಡಬ್ಲ್ಯುಆರನ್ನು ಆಂಟೆನಾದ ಬುಡದಲ್ಲೇ, ಅರ್ಧ ಮೀಟರ್ ಕೇಬಲ್ ಇಟ್ಟುಕೊಂಡು ಅಳೆಯಿರಿ. ಕೇಬಲ್ 10 ಮೀಟರ್ ದಾಟುವುದಾದರೆ ದಪ್ಪ ಕೋಆಕ್ಸ್ ಆದ ಆರ್‌ಜಿ-213 ಹಾಕಿ, ಅದರಲ್ಲಿ ನಷ್ಟ ಅರ್ಧಕ್ಕೂ ಕಡಿಮೆ.